ಹುಟ್ಟಿನ ನಂಟು, ಒಡನಾಟದ ನಂಟು



ಸಂಸ್ಕೃತವು ಸಕಲ ಭಾಷೆಗಳ ತಾಯಿ, ಕನ್ನಡವು ಅದರ ಮಗಳು ಎಂಬ ಮಾತನ್ನು ನಾವು ಸಭೆ-ಸಮಾರಂಭಗಳಲ್ಲಿ ಆಗಾಗ ಕೇಳುತ್ತೇವೆ. ಭಕ್ತಿಯಿಂದ ಆಡಿದ ಮಾತೆಂದು ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಅರಿವಿಗೆ ಗುರುಸ್ಥಾನವನ್ನಿತ್ತ ಪರಂಪರೆಯ ನಾವು ಈ ಮಾತನ್ನೂ ಒಮ್ಮೆ ಒರೆಗೆ ಹಚ್ಚಬೇಕಲ್ಲವೆ? ಇದನ್ನು ಒರೆಗೆ ಹಚ್ಚಿದವರ ಚರಿತ್ರೆಗೆ ನಮ್ಮ ಬಳ್ಳಾರಿಯ ಸಂಬಂಧವೂ ಉಂಟು.

ಮೊದಲು ದೂರದ ಒಂದು ನಿದರ್ಶನವನ್ನು ನೋಡೋಣ. ಯುರೋಪಿನ ಆಲ್ಪ್ಸ್ ಪರ್ವತಗಳ ಮಗ್ಗುಲಲ್ಲಿ ಸ್ಲೊವೇನಿಯಾ ಎಂಬ ಚಿಕ್ಕ ದೇಶವಿದೆ. 1991ರಲ್ಲಿ ಸ್ವತಂತ್ರವಾದ ಆ ದೇಶದ ಜನಸಂಖ್ಯೆ ಸುಮಾರು ಇಪ್ಪತ್ತು ಲಕ್ಷ. ಅಲ್ಲಿಯ ಸ್ಲೊವೀನ್ ಭಾಷೆಯಲ್ಲಿ ತಾಯಿಗೆ ‘ಮಾತಿ’, ಸೋದರನಿಗೆ ‘ಬ್ರಾತ್’, ಬೆಂಕಿಗೆ ‘ಓಗೆನ್’, ಹೊಗೆಗೆ ‘ದೀಮ್’ ಎನ್ನುತ್ತಾರೆ. ಸಂಸ್ಕೃತದ ಮಾತಾ, ಭ್ರಾತಾ, ಅಗ್ನಿ, ಧೂಮಗಳು ತಾವಾಗಿಯೇ ನೆನಪಿಗೆ ಬರುತ್ತವೆ. ಎರಡು, ಮೂರು, ಹತ್ತು ಎಂಬುದಕ್ಕೆ ಅವರು ‘ದ್ವಾ’, ‘ತ್ರೀ’, ‘ದೆಸೆತ್’ ಎನ್ನುತ್ತಾರೆ. ಇನ್ನೂ ಸೋಜಿಗದ ಸಂಗತಿಯೆಂದರೆ, ಸಂಸ್ಕೃತದಲ್ಲಿರುವಂತೆ ಆ ಭಾಷೆಯಲ್ಲಿ ಇಂದಿಗೂ ದ್ವಿವಚನವಿದೆ. ಇಬ್ಬರು ಸೋದರರಿಗೆ ಒಂದು ರೂಪ, ಮೂವರಿಗೆ ಮತ್ತೊಂದು. ನಮ್ಮ ನೆರೆಯ ಮರಾಠಿ, ಹಿಂದಿಗಳು ಕಳೆದುಕೊಂಡ ದ್ವಿವಚನವನ್ನು ಸಾವಿರಾರು ಮೈಲಿ ದೂರದ ರೈತರು ಉಳಿಸಿಕೊಂಡಿದ್ದಾರೆ!

ಸ್ಲೊವೀನ್ ಸಂಸ್ಕೃತದಿಂದ ಹುಟ್ಟಿತೆಂದು ಇದರರ್ಥವಲ್ಲ. ಎರಡೂ ಒಂದೇ ಪ್ರಾಚೀನ ಮೂಲದಿಂದ ಕವಲೊಡೆದ ದಾಯಾದಿಗಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಏಕಮೂಲದವು ಎಂಬ ವಿಚಾರವನ್ನು ವಿಲಿಯಂ ಜೋನ್ಸರು 1786ರಲ್ಲಿ ಕಲಕತ್ತೆಯಲ್ಲಿ ಮಂಡಿಸಿದರು. 1816ರಲ್ಲಿ ಜರ್ಮನಿಯ ಫ್ರಾಂಜ್ ಬೋಪ್ ಕ್ರಿಯಾಪದಗಳ ಹೋಲಿಕೆಯಿಂದ ಅದಕ್ಕೆ ಶಾಸ್ತ್ರದ ಬುನಾದಿ ಹಾಕಿದರು.

ಅದೇ 1816ರಲ್ಲಿ ಮದರಾಸಿನಲ್ಲಿ ಎ. ಡಿ. ಕ್ಯಾಂಬೆಲ್ ಎಂಬ ಅಧಿಕಾರಿಯ ತೆಲುಗು ವ್ಯಾಕರಣವು ಅಚ್ಚಾಯಿತು. ಅದಕ್ಕೆ ಮದರಾಸಿನ ಕಲೆಕ್ಟರ್ ಫ್ರಾನ್ಸಿಸ್ ವೈಟ್ ಎಲ್ಲಿಸರು ಒಂದು ಟಿಪ್ಪಣಿಯನ್ನು ಬರೆದರು. ಸಂಸ್ಕೃತದ ಧಾತುಗಳನ್ನು ಒಂದು ಕಡೆ, ತಮಿಳು, ತೆಲುಗು, ಕನ್ನಡಗಳ ಧಾತುಗಳನ್ನು ಮತ್ತೊಂದು ಕಡೆ ಇಟ್ಟು ಅವರು ತೂಗಿ ನೋಡಿದರು. ದಕ್ಷಿಣದ ಈ ನುಡಿಗಳು ಪರಸ್ಪರ ಒಡಹುಟ್ಟಿದವು, ಸಂಸ್ಕೃತದಿಂದ ಹುಟ್ಟಿದವಲ್ಲ ಎಂಬುದು ಅವರ ನಿರ್ಣಯ. ರಾಬರ್ಟ್ ಕಾಲ್ಡ್‌ವೆಲ್ಲರ ಪ್ರಸಿದ್ಧ ಗ್ರಂಥ ಬಂದದ್ದು ಇದಾದ ನಲವತ್ತು ವರ್ಷಗಳ ಮೇಲೆ, 1856ರಲ್ಲಿ.

ಈ ನಿರ್ಣಯವನ್ನು ಪರೀಕ್ಷಿಸಲು ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ. ಕನ್ನಡ-ತೆಲುಗುಗಳೆರಡನ್ನೂ ಬಲ್ಲ ಸಿರುಗುಪ್ಪದ ಸಂತೆಯಲ್ಲಿ ಕಿವಿಗೊಟ್ಟು ನಿಂತರೆ ಸಾಕು. ನಾವು ‘ಕಿವಿ’ ಎಂದರೆ ತೆಲುಗರು ‘ಚೆವಿ’ ಎನ್ನುತ್ತಾರೆ. ನಮ್ಮ ‘ಕೆರೆ’ ಅವರಿಗೆ ‘ಚೆರುವು’, ನಮ್ಮ ‘ಕೈ’ ಅವರಿಗೆ ‘ಚೆಯ್ಯಿ’. ನಮ್ಮ ‘ಹಾಲು’ ಅವರಲ್ಲಿ ‘ಪಾಲು’, ನಮ್ಮ ‘ಹುಲಿ’ ಅವರಲ್ಲಿ ‘ಪುಲಿ’. ಹಳಗನ್ನಡದಲ್ಲಿ ನಾವೂ ‘ಪಾಲ್’, ‘ಪುಲಿ’ ಎಂದೇ ಅನ್ನುತ್ತಿದ್ದೆವು. ಇಂಥ ನಿಯಮಬದ್ಧವಾದ ವ್ಯತ್ಯಾಸವೇ ಒಡಹುಟ್ಟಿನ ಗುರುತು. ಎರವಲು ತಂದ ಶಬ್ದವು ಅಂಗಡಿಯಿಂದ ತಂದ ಪಾತ್ರೆಯಂತೆ. ಅಂಗಾಂಗಗಳ ಹೆಸರು, ಎಣಿಕೆ, ವಿಭಕ್ತಿಗಳು ಮನೆಯ ಅಡಿಪಾಯದಂತೆ.

ಹಾಗಾದರೆ ಸಂಸ್ಕೃತಕ್ಕೂ ನಮಗೂ ನಂಟಿಲ್ಲವೆ? ಉಂಟು, ಅದು ಒಡನಾಟದ ನಂಟು. ಕುರುಗೋಡಿಗೆ ದೊಡ್ಡ ಬಸವೇಶ್ವರನ ದರ್ಶನಕ್ಕೆ ಹೋಗುವ ಸದ್ಭಕ್ತರು ನೆನೆಯಬೇಕು: 12ನೆಯ ಶತಮಾನದಲ್ಲಿ ಆ ಊರು ಬಳ್ಳಕುಂದೆ ನಾಡನ್ನಾಳಿದ ಸಿಂದ ಅರಸರ ರಾಜಧಾನಿಯಾಗಿತ್ತು. ಆ ಕಾಲದ ಕನ್ನಡ ಶಾಸನಗಳಲ್ಲಿ ಅರಸರ ಬಿರುದಾವಳಿಗೆ ಸಂಸ್ಕೃತದ ದೀರ್ಘ ಸಮಾಸಗಳು ಬರುತ್ತವೆ. ಕೆರೆ, ತೋಟ, ಗದ್ದೆಗಳನ್ನು ಹೇಳುವಾಗ ಅಚ್ಚಗನ್ನಡ ಮಾತನಾಡುತ್ತದೆ. ಅದೇ ಶತಮಾನದಲ್ಲಿ ಶರಣರು ಲಿಂಗ, ಜಂಗಮ, ಪ್ರಸಾದಗಳೆಂಬ ಸಂಸ್ಕೃತ ಶಬ್ದಗಳನ್ನು ಸ್ವೀಕರಿಸಿ, ಅನುಭಾವವನ್ನು ಮಾತ್ರ ಜನರಾಡುವ ಕನ್ನಡದಲ್ಲಿ ನುಡಿದರು. ‘ಕೂಡಲಸಂಗಮ’ವೆಂಬ ಹೆಸರನ್ನೇ ನೋಡಿರಿ. ‘ಕೂಡಲ’ವೆಂಬುದು ಕನ್ನಡ, ‘ಸಂಗಮ’ವೆಂಬುದು ಸಂಸ್ಕೃತ, ಅರ್ಥ ಒಂದೇ. ಎರಡು ನದಿ ಕೂಡಿದ ಸ್ಥಳದಲ್ಲಿ ಎರಡು ನುಡಿಗಳೂ ಕೂಡಿವೆ. ಕೂಡಿದ ಮಾತ್ರಕ್ಕೆ ಒಂದು ನದಿ ಮತ್ತೊಂದರಿಂದ ಹುಟ್ಟಿತೆನ್ನಲಾಗದು.

ಮೇಲೆ ಹೇಳಿದ ಕ್ಯಾಂಬೆಲ್ಲರು ಮುಂದೆ ಬಳ್ಳಾರಿಯ ಕಲೆಕ್ಟರಾದರು. ಗವರ್ನರ್ ಮನ್ರೋ ಅವರ ಆಜ್ಞೆಯಂತೆ 1823ರ ಆಗಸ್ಟ್‌ನಲ್ಲಿ ಜಿಲ್ಲೆಯ ಶಾಲೆಗಳ ವರದಿಯನ್ನು ಒಪ್ಪಿಸಿದರು. ಅಂದಿನ ವಿಶಾಲ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಶಾಲೆಗಳು 235, ತೆಲುಗು 226, ಸಂಸ್ಕೃತದ ಪಾಠಸ್ಥಳಗಳು 23. ಇಂಗ್ಲಿಷಿನದು ಒಂದೇ ಒಂದು! ವೀರಶೈವರ ಮಕ್ಕಳು ಬಸವಪುರಾಣ, ಚೆನ್ನಬಸವಪುರಾಣ, ಗಿರಿಜಾಕಲ್ಯಾಣ, ರಾಘವಾಂಕನ ಕಾವ್ಯಗಳನ್ನು ಓದುತ್ತಿದ್ದರೆಂದು ಆ ವರದಿಯಿಂದ ತಿಳಿಯುತ್ತದೆ. ಇದು ನಮಗೆ ಅಭಿಮಾನದ ವಿಷಯ.

ಆದರೆ ಅದೇ ವರದಿಯಲ್ಲಿ ತಲೆತಗ್ಗಿಸಬೇಕಾದ ಮಾತುಗಳೂ ಇವೆ. ಅಷ್ಟು ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ 60. ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಪದ್ಯಗಳ ನುಡಿ ಆಡುನುಡಿಗಿಂತ ಬೇರೆ. ಅರ್ಥ ಹೇಳಬಲ್ಲ ಗುರುಗಳು ವಿರಳ, ತಿಳಿಯಬಲ್ಲ ಶಿಷ್ಯರು ಇನ್ನೂ ವಿರಳ. ಅಕ್ಕಮಹಾದೇವಿ ನುಡಿದ ನಾಡಿನಲ್ಲಿ ಅರವತ್ತೇ ಹೆಣ್ಣುಮಕ್ಕಳು; ಸರ್ವರಿಗೂ ತಿಳಿಯಲೆಂದು ಶರಣರು ನುಡಿದ ಕನ್ನಡದಲ್ಲಿ ತಿಳಿಯದ ಪಾಠ!

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ, ಸಿರುಗುಪ್ಪಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಉಳಿದವು. ಆ ಕಾಲದ ಕಾವನ್ನು ಹಿರಿಯರಿಂದ ಕೇಳಿದ್ದೇವೆ. ಆದರೆ ಅದು ಅಕ್ಕತಂಗಿಯರು ಅಂಗಳವನ್ನು ಹಂಚಿಕೊಂಡಂತೆ. ಅಂಗಳ ಎರಡಾದರೂ ರಕ್ತಸಂಬಂಧ ಹರಿಯುವುದಿಲ್ಲ.

ಆದುದರಿಂದ, ಬಂಧುಗಳೇ, ಸಂಸ್ಕೃತವನ್ನು ಗೌರವಿಸೋಣ. ನಮ್ಮ ಮಠಗಳ ಪಾಠಶಾಲೆಗಳು ಅದನ್ನು ಶ್ರದ್ಧೆಯಿಂದ ಕಲಿಸಿವೆ. ತೆಲುಗನ್ನು ಸೋದರಿಯೆಂದು ಕಾಣೋಣ. ಕನ್ನಡವನ್ನು ಮಾತ್ರ ಯಾರದೋ ಮಗಳೆಂದು ಕರೆದು ಹಿರಿಮೆ ತರಬೇಕಾಗಿಲ್ಲ; ತನ್ನ ಕಾಲ ಮೇಲೆ ತಾನು ನಿಂತ ನುಡಿಯದು. ಇಂದು ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಒಂದು ವಚನವನ್ನು ಓದಿಸಿರಿ. ಓದಿಸಿದ ಮೇಲೆ, ಅದರ ಅರ್ಥವನ್ನು ಕೇಳಿರಿ.