ಶಿವನಸಮುದ್ರದ ಕರೆಂಟು, ಕೋಲಾರದ ಚಿನ್ನ, ನಮ್ಮ ಹುಡುಗನ ಶೆಡ್ಡು

ಹೋದ ತಿಂಗಳು ಒಂದು ಭಾನುವಾರ, ಕಾಳಿದಾಸ ರಸ್ತೆಯಲ್ಲಿ ಕಾಫಿ ಕುಡ್ಕೊಂಡು ಜಯಲಕ್ಷ್ಮಿಪುರಂ ಮನೆಗೆ ವಾಪಸ್ ಬರ್ತಿರುವಾಗ ಊರಿಂದ ಚಿಕ್ಕಪ್ಪನ ಮಗನ ಫೋನು. "ಅಣ್ಣೋ, ಇಪ್ಪತ್ತು ಮಿಷಿನ್ ಸೆಕೆಂಡ್ ಹ್ಯಾಂಡಲ್ಲಿ ಸಿಗ್ತಾವಂತೆ. ಹುಳದ ಮನೆ ಖಾಲಿ ಅದೆ. ಬಿಟ್‌ಕಾಯಿನ್ ಮೈನಿಂಗ್ ಶುರು ಮಾಡನ ಅಂತ. ನೀನು ಇಂಜಿನಿಯರ್ರು, ಹೆಂಗೆ ನಡೆಸಬೇಕು ಅಂತ ಹೇಳು ಸಾಕು." ದುಡ್ಡೆಲ್ಲಿಂದ ಅಂದೆ. ತೋಟದ ಪತ್ರ ಇಟ್ಟು ಸಾಲ ತೆಗೀತಾನಂತೆ.

ನಮ್ಮೂರು ಮಳವಳ್ಳಿ ತಾಲೂಕು. ಶಿವನಸಮುದ್ರ ಅಲ್ಲಿಂದ ಬೈಕಲ್ಲಿ ಅರ್ಧ ಗಂಟೆ. ಕರೆಂಟು ಹುಟ್ಟುವ ಜಾಗವನ್ನು ನಮ್ಮ ಕಡೆ ಈಗಲೂ 'ಬ್ಲಫ್' ಅಂತಲೇ ಕರೀತಾರೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಇನ್ನೊಂದು ಅರ್ಥ ಇದೆ ಅಂತ ನಂಗೆ ಗೊತ್ತಾಗಿದ್ದು ಬಿಇ ಸೇರಿದ ಮೇಲೆ. ಹುಡುಗನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಮೊದಲು ನೆನಪಾಗಿದ್ದೂ ಅದೇ ಬ್ಲಫ್ಫು. ಯಾಕಂದ್ರೆ ಕರೆಂಟು ಸುರಿದು ದುಡ್ಡು ಅಗೆಯುವ ಧಂದೆ ನಮ್ಮ ನಾಡಿಗೆ ಹೊಸದೇನಲ್ಲ. 1902ರಲ್ಲೇ ಶುರುವಾಗಿತ್ತು.

ಕೋಲಾರದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಿಂದ ಚಿನ್ನ ತೆಗೆಯುತ್ತಿತ್ತು. ಆಳಕ್ಕೆ ಹೋದಷ್ಟೂ ಅದಿರು ಮೇಲೆತ್ತೋಕೆ, ನೀರು ಪಂಪ್ ಮಾಡೋಕೆ, ಕಲ್ಲು ಪುಡಿ ಮಾಡೋಕೆ ಶಕ್ತಿ ಬೇಕು. ಆಗ ಇದ್ದದ್ದು ಉಗಿ ಯಂತ್ರ. ಅದಕ್ಕೆ ದೂರದಿಂದ ತರಿಸಿದ ಕಲ್ಲಿದ್ದಲು, ಸುತ್ತಮುತ್ತಲ ಕಾಡಿನ ಸೌದೆ. ಚಿನ್ನ ಎಷ್ಟೇ ಸಿಕ್ಕಿದರೂ ಉರುವಲಿನ ಖರ್ಚು ಲಾಭ ತಿನ್ನುತ್ತಿತ್ತು. ಆ ಕಾಲಕ್ಕೆ ಮೈಸೂರು ಸರ್ಕಾರದಲ್ಲಿ ಡೆಪ್ಯುಟಿ ಚೀಫ್ ಇಂಜಿನಿಯರ್ ಆಗಿದ್ದವರು ಜೋಲಿ ಡಿ ಲಾಟ್ಬಿನಿಯರ್ ಅನ್ನುವ ಕೆನಡಾ ಮೂಲದ ಮಿಲಿಟರಿ ಇಂಜಿನಿಯರ್. ಕಾವೇರಿ ಜಲಪಾತದಿಂದ ಕರೆಂಟು ತೆಗೆದು ಅದನ್ನು ಕೋಲಾರಕ್ಕೆ ಕಳಿಸಬಹುದು ಅನ್ನುವ ಯೋಜನೆ ಅವರದ್ದು. ಬೆನ್ನಿಗೆ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್.

ದೂರ ನೋಡಿ: ಸುಮಾರು 147 ಕಿಲೋಮೀಟರ್. 1896ರಲ್ಲಿ ನಯಾಗರದಿಂದ ಬಫಲೋಗೆ ಕರೆಂಟು ಹೋದಾಗ ಜಗತ್ತೇ ಬೆರಗಾಗಿತ್ತು, ಅದು ಸುಮಾರು 40 ಕಿಲೋಮೀಟರ್ ಅಷ್ಟೇ. ಜನರೇಟರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದ್ದು, ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನದ್ದು. ರೈಲಿಂದ ಇಳಿದ ಮೇಲೆ ಎತ್ತಿನ ಗಾಡಿ, ಆನೆಗಳೇ ಗತಿ. 1902ರ ಜೂನ್ ಕೊನೆಗೆ ಕೋಲಾರಕ್ಕೆ ಕರೆಂಟು ಹರಿಯಿತು. ಶೇಷಾದ್ರಿ ಅಯ್ಯರ್ ಅದನ್ನ ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು.

ಆ ಮೊದಲ ಸ್ಥಾವರದ ಗಾತ್ರ ಇವತ್ತಿನ ಲೆಕ್ಕದಲ್ಲಿ ನಾಲ್ಕೈದು ಮೆಗಾವಾಟ್. ಈಗಿನ ಒಂದು ಸಾಧಾರಣ ಮೈನಿಂಗ್ ಫಾರ್ಮ್ ಅಷ್ಟನ್ನ ಆರಾಮಾಗಿ ಕುಡಿದುಬಿಡುತ್ತೆ. ಎಸ್19 ಪ್ರೊ ಅನ್ನುವ ಮಿಷಿನ್ ಒಂದಕ್ಕೆ 3250 ವಾಟ್. ಸುಮಾರು 1300 ಮಿಷಿನ್ ಜೋಡಿಸಿದ್ರೆ ಅಂದಿನ ಶಿವನಸಮುದ್ರ ಪೂರ್ತಿ ಖಾಲಿ.

ಹುಡುಗನಿಗೆ ಹೇಳಿದ ಮೊದಲ ಮಾತು ಇಲ್ಲಿಂದಲೇ ಬಂತು. ಮೈನಿಂಗ್ ಅಂದ್ರೆ ಕಂಪ್ಯೂಟರ್ ವ್ಯವಹಾರ ಅಂದ್ಕೋಬೇಡ ಕಣೋ, ಅದು ಕರೆಂಟಿನ ವ್ಯವಹಾರ. ಮಿಷಿನ್ ಯಾರು ಬೇಕಾದ್ರೂ ತಗೋತಾರೆ. ಯಾವ ರೇಟಿಗೆ, ಎಷ್ಟು ಗಂಟೆ, ಎಷ್ಟು ವರ್ಷ ಕರೆಂಟು ಸಿಗುತ್ತೆ ಅನ್ನೋದನ್ನ ಕಾಗದದ ಮೇಲೆ ಬರೆಸಿಕೊಂಡವನು ಮಾತ್ರ ಉಳೀತಾನೆ. ಕೋಲಾರದ ಕಂಪನಿಗಳು ಮಾಡಿದ್ದು ಅದನ್ನೇ. ತಂತಿ ಎಳೆಯೋಕೆ ಮುಂಚೆ ಸರ್ಕಾರದ ಜೊತೆ ಕುದುರೆಶಕ್ತಿಗೆ ವರ್ಷಕ್ಕೆ ಇಷ್ಟು ಅಂತ ದರದ ಒಪ್ಪಂದ ಮಾಡ್ಕೊಂಡವು. ಸರ್ಕಾರಕ್ಕೂ ಖಾತ್ರಿ ಗಿರಾಕಿ ಸಿಕ್ಕಿತು.

ಆದ್ರೆ ಕಾವೇರಿಗೆ ಒಪ್ಪಂದ ಓದೋಕೆ ಬರ್ತಿರಲಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತುತ್ತೆ, ಟರ್ಬೈನು ಸುಸ್ತಾಗುತ್ತೆ, ಅತ್ತ ಗಣಿಯಲ್ಲಿ ಪಂಪು ನಿಂತರೆ ನೀರು ತುಂಬುತ್ತೆ. ವರ್ಷವಿಡೀ ಒಂದೇ ಸಮ ಕರೆಂಟು ಕೊಡಬೇಕಂದ್ರೆ ಮೇಲ್ಗಡೆ ನೀರು ಕಟ್ಟಿ ನಿಲ್ಲಿಸಲೇಬೇಕು. 1911ರಲ್ಲಿ ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟೆ ಶುರು ಮಾಡಿದಾಗ ನೀರಾವರಿ ಜೊತೆಗೆ ಕೊಟ್ಟ ದೊಡ್ಡ ಕಾರಣ ಇದು. ನಾವು ಚಿಕ್ಕೋರಿದ್ದಾಗ ಕೆಆರ್‌ಎಸ್ ಅಂದ್ರೆ ಮಂಡ್ಯದ ಗದ್ದೆ ಅಂತಷ್ಟೇ ಗೊತ್ತಿತ್ತು. ಆ ಕಟ್ಟೆಯ ಕಡತದಲ್ಲಿ ಚಿನ್ನದ ಗಣಿಯ ಪಂಪು ಕೂಡ ಇದೆ ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ.

ಇದೇ ಕಥೆ ನೂರು ವರ್ಷ ಬಿಟ್ಟು ಚೀನಾದಲ್ಲಿ ನಡೀತು. ಅಲ್ಲಿನ ಬಿಟ್‌ಕಾಯಿನ್ ಗಣಿಯವರು ಮಳೆಗಾಲದಲ್ಲಿ ಮಿಷಿನ್‌ಗಳನ್ನ ಲಾರಿಗೆ ತುಂಬಿ ಸಿಚುವಾನ್‌ನ ಜಲವಿದ್ಯುತ್ ಹತ್ತಿರ ಹೋಗೋರು, ಹೊಳೆ ಇಳಿದ ಮೇಲೆ ಷಿನ್‌ಜಿಯಾಂಗ್‌ನ ಕಲ್ಲಿದ್ದಲ ಕಡೆ ವಾಪಸ್. ನಮ್ಮ ಕಡೆ ಕುರಿ ಮಂದೆ ಹೊಡ್ಕೊಂಡು ಹೋಗ್ತಾರಲ್ಲ, ಹಾಗೆ. 2021ರಲ್ಲಿ ಅಲ್ಲಿನ ಸರ್ಕಾರ ಮೈನಿಂಗ್ ನಿಷೇಧಿಸಿತು. ಒಂದಷ್ಟು ಮಂದಿ ಕಜಾಕಿಸ್ತಾನಕ್ಕೆ ಓಡಿದರು. ಮುಂದಿನ ಚಳಿಗಾಲಕ್ಕೆ ಅಲ್ಲೇ ಜನಕ್ಕೆ ಕರೆಂಟು ಸಾಲದೆ, ಮೊದಲು ಕಟ್ ಆಗಿದ್ದು ಇವರದ್ದೇ.

ಈಗ ಊರಿನ ಶೆಡ್ಡಿಗೆ ಬರೋಣ. ಹುಡುಗನ ತಲೇಲಿ ಇದ್ದದ್ದು 'ಪಂಪ್‌ಸೆಟ್ ಕರೆಂಟು ಫ್ರೀ ತಾನೇ' ಅನ್ನೋ ಲೆಕ್ಕ. ಹತ್ತು ಎಚ್‌ಪಿ ತನಕ ರೈತನ ಮೋಟಾರಿಗೆ ಸರ್ಕಾರ ಕೊಡೋದು ನೀರೆತ್ತೋಕೆ. ಅದರಲ್ಲಿ ಮೈನಿಂಗ್ ನಡೆಸಿದ್ರೆ ಅದು ಕಳ್ಳತನ, ಇನ್ನೊಂದು ಹೆಸರಿಲ್ಲ. ಸರಿ, ಕಳ್ಳತನವೇ ಅಂದ್ಕೊಂಡ್ರೂ ಲೆಕ್ಕ ಕೂಡಲ್ಲ. ಹತ್ತು ಎಚ್‌ಪಿ ಅಂದ್ರೆ ಏಳೂವರೆ ಕಿಲೋವಾಟ್, ಎರಡು ಮಿಷಿನ್‌ಗೆ ಸಾಕು. ಇಪ್ಪತ್ತಕ್ಕೆ 65 ಕಿಲೋವಾಟ್, ಮೇಲೆ ಫ್ಯಾನು ಬೇರೆ. ಹೊಲದ ಹತ್ತಿರ ಇರೋದು 63 ಕೆವಿಎ ಟ್ರಾನ್ಸ್‌ಫಾರ್ಮರ್ರು, ಅದರಲ್ಲೇ ಅಕ್ಕಪಕ್ಕದವರ ಮೋಟಾರೂ ಓಡಬೇಕು. ಸುಟ್ಟರೆ ಬೆಳೆ ಒಣಗೋದು ಅವರದ್ದು. ಇನ್ನು ತ್ರೀಫೇಸ್ ಬರೋದು ದಿನಕ್ಕೆ ಏಳು ಗಂಟೆ. ಉಳಿದ ಹದಿನೇಳು ಗಂಟೆ ಮಿಷಿನ್ ಸುಮ್ಮನೆ ಹಳೇದಾಗ್ತಾ ಕೂತಿರುತ್ತೆ.

ದುಡ್ಡು ಕೊಟ್ಟೇ ಕರೆಂಟು ತಗೊಂಡ್ರೆ? ಒಂದು ಮಿಷಿನ್ ದಿನಕ್ಕೆ 78 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂದ್ಕೊಂಡ್ರೂ 546 ರೂಪಾಯಿ, ತಿಂಗಳಿಗೆ 16 ಸಾವಿರ ದಾಟುತ್ತೆ. ಇಪ್ಪತ್ತಕ್ಕೆ ಮೂರು ಲಕ್ಷದ ಮೇಲೆ. 2022ರಿಂದ ಲಾಭದ ಮೇಲೆ 30 ಪರ್ಸೆಂಟ್ ತೆರಿಗೆ ಇದೆ, ಮೈನಿಂಗ್‌ಗೆ ಹಾಕಿದ ಮೂಲಸೌಕರ್ಯದ ಖರ್ಚನ್ನ ಅದರಲ್ಲಿ ಕಳೆಯೋ ಹಾಗಿಲ್ಲ ಅಂತ ಸರ್ಕಾರ ಸಂಸತ್ತಲ್ಲೇ ಹೇಳಿದೆ.

ಇದನ್ನೆಲ್ಲ ಹೇಳುವಷ್ಟು ಸಾಚಾ ನಾನೇನಲ್ಲ. 2021ರಲ್ಲಿ ವರ್ಕ್ ಫ್ರಮ್ ಹೋಮ್ ಟೈಮಲ್ಲಿ ಮಹಡಿ ರೂಮಲ್ಲಿ ಒಂದು ಹಳೇ ಎಸ್9 ಇಟ್ಟಿದ್ದೆ. 1300 ವಾಟಿನದ್ದು. ಸದ್ದು ಅಂದ್ರೆ ಮಿಕ್ಸಿ ಇಪ್ಪತ್ನಾಲ್ಕು ಗಂಟೆ ಓಡಿದ ಹಾಗೆ. ಮೂರನೇ ದಿನ ಪಕ್ಕದ ಮನೆ ಅಜ್ಜಿ ಬಂದು "ಏನಪ್ಪಾ, ಹಿಟ್ಟಿನ ಗಿರಣಿ ಹಾಕಿದ್ದೀಯಾ?" ಅಂದರು. ಎರಡು ತಿಂಗಳ ಬಿಲ್ ನೋಡಿ ಮಿಷಿನ್ನು ಅಟ್ಟಕ್ಕೆ ಹೋಯ್ತು. ಒಳಗೆ ತುಂಬಿದ ಧೂಳು ನೋಡಿದ್ರೆ ಮೂಗು ಮುಚ್ಚಬೇಕು.

ಬಿಸಿ ಮತ್ತು ಧೂಳು ಈ ಧಂದೆಯ ಎರಡನೇ ಪಾಠ. ಕೋಲಾರದ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗಿಂತ ಆಳ. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮೇಲೆ ತಂಪು ಮಾಡಿದ ಗಾಳಿಯನ್ನು ಕೆಳಗೆ ದೂಡದಿದ್ದರೆ ಮನುಷ್ಯ ನಿಲ್ಲೋಕಾಗ್ತಿರಲಿಲ್ಲ. ಅಂದ್ರೆ ಒಂದಷ್ಟು ಕರೆಂಟು ಚಿನ್ನಕ್ಕೆ, ಒಂದಷ್ಟು ಬರೀ ಗಾಳಿಗೆ. ಮೈನಿಂಗ್ ಶೆಡ್ಡಲ್ಲೂ ಅಷ್ಟೇ. ಒಂದು ಕಡೆಯಿಂದ ತಣ್ಣನೆ ಗಾಳಿ ಬರಬೇಕು, ಬಿಸಿ ಗಾಳಿ ಇನ್ನೊಂದು ಕಡೆಯಿಂದ ಹೊರಗೆ ಹೋಗಬೇಕು, ಎರಡೂ ಬೆರೀಬಾರದು. ಧೂಳಿಗೆ ಜಾಲರಿ ಬೇಕು. ವೈರು ಲೋಡಿಗಿಂತ ದಪ್ಪ ಇರಬೇಕು, ಇಲ್ಲಾಂದ್ರೆ ಬೆಂಕಿ. ಒಂದು ಫ್ಯಾನು ನಿಂತರೆ ಗೊತ್ತಾಗುವ ಹಾಗೆ ಯಾರಾದ್ರೂ ಕಾಯ್ತಿರಬೇಕು, ಬಿಡಿಭಾಗ ಕೈಯಲ್ಲೇ ಇರಬೇಕು. ರೇಷ್ಮೆ ಸಾಕಿದ ಹುಡುಗನಿಗೆ ಇದು ಕಷ್ಟ ಆಗಲ್ಲ. ಹುಳಕ್ಕೂ 25 ಡಿಗ್ರಿ ಆಸುಪಾಸು ಬೇಕು ಅಂತ ರಾತ್ರಿಯೆಲ್ಲ ಎದ್ದು ನೋಡಿದವನು ಅವನು.

ಅವನಿಗೆ ಅರ್ಥ ಮಾಡಿಸೋಕೆ ಕಷ್ಟವಾಗಿದ್ದು ಅದಿರಿನ ವಿಷಯ. ಕೋಲಾರದಲ್ಲಿ ಆರಂಭದ ವರ್ಷಗಳಲ್ಲಿ ಒಂದು ಟನ್ ಕಲ್ಲಿಗೆ 40 ಗ್ರಾಂಗಿಂತ ಹೆಚ್ಚು ಚಿನ್ನ ಸಿಕ್ಕಿದ್ದುಂಟು. ಕೊನೆಗೆ ಮೂರು ಗ್ರಾಂ ಆಸುಪಾಸು. 1956ರಲ್ಲಿ ಸರ್ಕಾರ ಗಣಿ ತಗೊಂಡ ಮೇಲೂ ನಷ್ಟ ನಿಲ್ಲಲಿಲ್ಲ, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದರು. ಬಿಟ್‌ಕಾಯಿನ್‌ನಲ್ಲಿ ಈ ಇಳಿತವನ್ನ ಮೊದಲೇ ಕೋಡಲ್ಲಿ ಬರೆದಿಟ್ಟಿದ್ದಾರೆ. 2009ರಲ್ಲಿ ಒಂದು ಬ್ಲಾಕಿಗೆ 50 ಕಾಯಿನ್, 2012ಕ್ಕೆ 25, 2016ಕ್ಕೆ ಹನ್ನೆರಡೂವರೆ, 2020ಕ್ಕೆ ಆರೂಕಾಲು, 2024ಕ್ಕೆ 3.125. ಮೇಲಾಗಿ ಜಗತ್ತಲ್ಲಿ ಮಿಷಿನ್ ಜಾಸ್ತಿಯಾದಷ್ಟೂ ಲೆಕ್ಕ ತಾನೇ ಕಷ್ಟ ಆಗುತ್ತೆ, ಎರಡು ವಾರಕ್ಕೊಮ್ಮೆ. ಕೋಲಾರದ ಬಂಡೆ ಅಷ್ಟು ಕೆಟ್ಟದ್ದಿರಲಿಲ್ಲ. ಸೆಕೆಂಡ್ ಹ್ಯಾಂಡಲ್ಲಿ ಇಪ್ಪತ್ತು ಮಿಷಿನ್ ಯಾಕೆ ಸಿಗ್ತಿದೆ ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ಇನ್ನೊಂದು ವಿಷಯ ಅವನಿಗೆ ಹೇಳಲಿಲ್ಲ, ನಿಮಗೆ ಹೇಳ್ತೀನಿ. ಗಣಿಗೆ ಕರೆಂಟು ಬಂದಿದ್ದು 1902. ಬೆಂಗಳೂರಿನ ಬೀದಿಗೆ 1905. ಮೈಸೂರಿಗೆ 1908. ನಮ್ಮ ತಾತ ಬ್ಲಫ್‌ನಿಂದ ಹೊರಡುವ ದೊಡ್ಡ ಲೈನಿನ ಕೆಳಗೆ ದನ ಮೇಯಿಸಿ, ಸೀಮೆಎಣ್ಣೆ ಬುಡ್ಡಿ ಬೆಳಕಲ್ಲಿ ಊಟ ಮಾಡಿದವರು. ಮನೆಗೆ ಲೈಟು ಬಂದಾಗ ಅಪ್ಪ ಆಗಲೇ ಸ್ಕೂಲು ಮುಗಿಸಿದ್ದರು. ಹಾಗಾಗಿ ಹುಡುಗ "ಕರೆಂಟು ಹುಟ್ಟೋದು ನಮ್ಮ ಮಗ್ಗುಲಲ್ಲೇ, ನಾವು ಒಂದಿಷ್ಟು ತಿಂದ್ರೆ ಏನು?" ಅಂದಾಗ ನಂಗೆ ಸಿಟ್ಟು ಬರಲಿಲ್ಲ. ಅವನು ಕೇಳಿದ್ದರಲ್ಲಿ ನೂರು ವರ್ಷದ ಹಳೇ ಬಾಕಿ ಇತ್ತು. ಆದ್ರೆ ವಸೂಲಿ ಆಗೋದು ಪಕ್ಕದ ಹೊಲದವನ ಟ್ರಾನ್ಸ್‌ಫಾರ್ಮರಿನಿಂದ, ಚಿಕ್ಕಪ್ಪನ ತೋಟದಿಂದ.

ಪತ್ರ ಇನ್ನೂ ಬ್ಯಾಂಕಿಗೆ ಹೋಗಿಲ್ಲ. ಈ ವಾರ ಫೋನ್ ಮಾಡಿ, ಹಿಪ್ಪುನೇರಳೆ ಚಿಗುರಿದೆ, ಒಂದು ಬೆಳೆ ಹುಳ ತೆಗೆದು ಆಮೇಲೆ ನೋಡ್ತೀನಿ ಅಂದ. ಅಟ್ಟದ ಮೇಲಿನ ಎಸ್9 ಫ್ರೀಯಾಗಿ ಕೊಡ್ತೀನಿ, ಹುಳದ ಮನೆಗೆ ಫ್ಯಾನಾದ್ರೂ ಆಗುತ್ತೆ ಅಂದೆ. ಸದ್ದಿಗೆ ಹುಳ ಮೇವು ಬಿಡ್ತಾವೆ, ಬೇಡ ಅಂದ.