ಹದಿನೆಂಟು ಸಹಿಗಳ ಕವನ ಸಂಕಲನ

ಇವತ್ತಿನ ಕಂತು ಒಂದು ಹಳೇ ಪುಸ್ತಕದ ಮೊದಲ ಪುಟಗಳಿಂದ ಶುರು.

1773ರಲ್ಲಿ ಲಂಡನ್‌ನಲ್ಲಿ ಅಚ್ಚಾದ ಕವನ ಸಂಕಲನ ಅದು. ತೆರೆದರೆ ಕವಿತೆಗೂ ಮೊದಲು ಸಿಗೋದು ಒಂದು ಸಾಕ್ಷಿಪತ್ರ, ಅದರ ಕೆಳಗೆ ಬಾಸ್ಟನ್ನಿನ 18 ಗಣ್ಯರ ಹೆಸರು. ಮ್ಯಾಸಚೂಸೆಟ್ಸ್ ಗವರ್ನರ್ ಥಾಮಸ್ ಹಚಿನ್ಸನ್ ಇದ್ದಾರೆ, ವ್ಯಾಪಾರಿ ಜಾನ್ ಹ್ಯಾನ್ಕಾಕ್ ಇದ್ದಾರೆ. ರಾಜಕೀಯದಲ್ಲಿ ಇವರಿಬ್ಬರೂ ಹಾವು ಮುಂಗುಸಿ. ಆದ್ರೆ ಇಲ್ಲಿ ಒಟ್ಟಿಗೆ ಸಹಿ ಹಾಕಿದ್ದಾರೆ. ಹೇಳ್ತಿರೋದು ಇಷ್ಟೇ: ಈ ಕವಿತೆಗಳನ್ನ ಬರೆದದ್ದು ಈ ಹುಡುಗಿಯೇ, ನಾವು ನಂಬ್ತೀವಿ.

ಹುಡುಗಿಯ ಹೆಸರು ಫಿಲಿಸ್ ವೀಟ್ಲಿ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. 1761ರಲ್ಲಿ ಪಶ್ಚಿಮ ಆಫ್ರಿಕಾದಿಂದ ಹೊತ್ತು ತಂದ ಹಡಗಿನ ಹೆಸರು ಫಿಲಿಸ್, ಕೊಂಡ ಮನೆಯವರ ಹೆಸರು ವೀಟ್ಲಿ. ಆಗ ಮುಂದಿನ ಹಾಲುಹಲ್ಲು ಬಿದ್ದಿದ್ದವಂತೆ, ಅದನ್ನ ನೋಡಿ ಏಳೆಂಟು ವರ್ಷ ಇರಬಹುದು ಅಂತ ಲೆಕ್ಕ ಹಾಕಿದರು. ಹದಿನಾರು ತಿಂಗಳಲ್ಲಿ ಬೈಬಲ್‌ನ ಕಷ್ಟದ ಭಾಗಗಳನ್ನೂ ಓದ್ತಿದ್ದಳು ಅಂತ ಯಜಮಾನ ಜಾನ್ ವೀಟ್ಲಿಯೇ ಬರೆದಿದ್ದಾನೆ. 1770ರಲ್ಲಿ ಒಬ್ಬ ಪ್ರಸಿದ್ಧ ಧರ್ಮಪ್ರಚಾರಕ ತೀರಿಕೊಂಡಾಗ ಬರೆದ ಶೋಕಗೀತೆಯಿಂದ ಊರೆಲ್ಲಾ ಹೆಸರಾಯ್ತು. ಆದರೂ 1772ರಲ್ಲಿ ಬಾಸ್ಟನ್ನಿನಲ್ಲೇ ಪುಸ್ತಕ ತರೋಣ ಅಂತ ಜಾಹೀರಾತು ಕೊಟ್ಟರೆ ಸಾಕಷ್ಟು ಚಂದಾದಾರರು ಸಿಗಲಿಲ್ಲ.

ಒಂದು ಕವಿತೆಗೆ ಇಷ್ಟು ಸಾಕ್ಷಿ ಯಾಕೆ? ಆ ಕಾಲವನ್ನ ನಾವು ಜ್ಞಾನೋದಯದ ಯುಗ ಅಂತೀವಿ. ಜ್ಞಾನೋದಯ ಅಂದ್ರೆ ನಮಗೆ ಬುದ್ಧ, ಬೋಧಿವೃಕ್ಷ ನೆನಪಾಗುತ್ತೆ. ಇದು ಬೇರೆ, ಯುರೋಪಿನದು: ರಾಜನಾಗಲಿ ಚರ್ಚ್ ಆಗಲಿ ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಡ, ವಿವೇಚನೆ ಬಳಸು ಅನ್ನೋ ಚಳವಳಿ. ವಿವೇಚನೆ ಇರೋನೇ ಮನುಷ್ಯ ಅಂದ್ರು. ಸರಿ. ಆದ್ರೆ ಅದೇ ಅಳತೆಗೋಲನ್ನ ಕಪ್ಪು ಜನರ ಮೇಲೆ ತಿರುಗಿಸಿದರು. ದೊಡ್ಡ ಚಿಂತಕ ಡೇವಿಡ್ ಹ್ಯೂಮ್, ಜಮೈಕಾದ ಒಬ್ಬ ಕಪ್ಪು ವಿದ್ವಾಂಸನ ಬಗ್ಗೆ ಅಡಿಟಿಪ್ಪಣಿ ಬರೀತಾ, ಅದು ಗಿಳಿ ನಾಲ್ಕು ಮಾತಾಡಿದ ಹಾಗೆ ಇರಬೇಕು ಅಂದುಬಿಟ್ಟ. ಹಾಗಾಗಿ ಫಿಲಿಸ್ ಬರೆದ ಒಂದೊಂದು ಸಾಲೂ ಪರೀಕ್ಷೆಯ ಉತ್ತರಪತ್ರಿಕೆ ಆಗಿಹೋಯ್ತು. ಹದಿನೆಂಟೂ ಜನ ಒಂದೇ ಕೋಣೆಯಲ್ಲಿ ಕೂತು ಆಕೆಯನ್ನ ಪ್ರಶ್ನೆ ಮಾಡಿದರು ಅನ್ನೋ ಕಥೆ ತುಂಬ ಓಡುತ್ತೆ. ಸಿನಿಮಾಗೆ ಚೆನ್ನಾಗಿದೆ, ಆದರೆ ಅಂಥ ಸಭೆ ನಡೆದದ್ದಕ್ಕೆ ದಾಖಲೆ ಇಲ್ಲ.

ನನಗೆ ಕವಿತೆಗಳಿಗಿಂತ ಹೆಚ್ಚು ಹಿಡಿಸೋದು ಆಕೆಯ ಪತ್ರಗಳು. 1773ರಲ್ಲಿ ಲಂಡನ್‌ಗೆ ಹೋಗಿದ್ದಾಗ ಬೆಂಜಮಿನ್ ಫ್ರಾಂಕ್ಲಿನ್ ಕೂಡ ಬಂದು ನೋಡಿದ್ದ. ವಾಪಸ್ ಬಂದ ಮೇಲೆ ಬಿಡುಗಡೆ ಸಿಕ್ತು, ಇಂಗ್ಲೆಂಡಿನ ಸ್ನೇಹಿತರ ಒತ್ತಾಯದಿಂದ. ಆ ಅಕ್ಟೋಬರ್‌ನಲ್ಲಿ ಕನೆಕ್ಟಿಕಟ್‌ನ ಪರಿಚಿತರೊಬ್ಬರಿಗೆ ಬರೀತಾಳೆ: ಈಗ ನನ್ನ ಕಾಲ ಮೇಲೆ ನಾನು ನಿಂತಿದ್ದೀನಿ, ಪುಸ್ತಕಕ್ಕೆ ಚಂದಾದಾರರನ್ನ ಹುಡುಕಿಕೊಡಿ, ನ್ಯೂ ಹೇವನ್ನಿನ ಮುದ್ರಕರು ಅದನ್ನ ಮತ್ತೆ ಅಚ್ಚು ಹಾಕದ ಹಾಗೆ ನೋಡಿಕೊಳ್ಳಿ, ಹಾಕಿದ್ರೆ ನನಗೆ ನಷ್ಟ. ಇದು ಗಿಳಿಯ ಮಾತಾ, ನೀವೇ ಹೇಳಿ.

ಮರುವರ್ಷ ಮೂಲನಿವಾಸಿ ಮೊಹೀಗನ್ ಸಮುದಾಯದ ಪಾದ್ರಿ ಸ್ಯಾಮ್ಸನ್ ಆಕಮ್‌ಗೆ ಬರೆದ ಪತ್ರ ಇನ್ನೂ ಖಡಕ್. ಸ್ವಾತಂತ್ರ್ಯದ ಹಂಬಲವನ್ನ ದೇವರು ಪ್ರತಿ ಎದೆಯಲ್ಲೂ ನೆಟ್ಟಿದ್ದಾನೆ ಅಂತಾಳೆ. ಬಾಯಲ್ಲಿ ಸ್ವಾತಂತ್ರ್ಯ, ಕೈಯಲ್ಲಿ ಇನ್ನೊಬ್ಬರ ಮೇಲಿನ ದಬ್ಬಾಳಿಕೆ, ಇವೆರಡೂ ಹೇಗೆ ಹೊಂದುತ್ತವೆ ಅಂತ ತಿಳಿಯೋಕೆ ತತ್ವಜ್ಞಾನಿಯೇನೂ ಬೇಕಾಗಿಲ್ಲ ಅಂತ ಚುಚ್ಚುತ್ತಾಳೆ. 1774ರಲ್ಲಿ ನ್ಯೂ ಇಂಗ್ಲೆಂಡಿನ ಹಲವು ಪತ್ರಿಕೆಗಳು ಇದನ್ನ ಅಚ್ಚು ಹಾಕಿದವು. ಸ್ವಾತಂತ್ರ್ಯ ಘೋಷಣೆಗೆ ಇನ್ನೂ ಎರಡು ವರ್ಷ ಇತ್ತು.

ಆ ಘೋಷಣೆಯಲ್ಲಿ ಎಲ್ಲರೂ ಸಮಾನರಾಗಿ ಹುಟ್ಟಿದ್ದಾರೆ ಅಂತ ಬರೆದದ್ದು ಥಾಮಸ್ ಜೆಫರ್ಸನ್. ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನ ಗುಲಾಮರಾಗಿ ಇಟ್ಟುಕೊಂಡಿದ್ದವನೂ ಅವನೇ. 1780ರ ದಶಕದಲ್ಲಿ ಬಂದ ವರ್ಜೀನಿಯಾ ಕುರಿತ ತನ್ನ ಪುಸ್ತಕದಲ್ಲಿ ಫಿಲಿಸ್ ಹೆಸರೆತ್ತಿ, ಧರ್ಮ ಈಕೆಯನ್ನ ತಯಾರು ಮಾಡಿತು, ಕವಿಯನ್ನಲ್ಲ ಅಂದ. ಟೀಕಿಸೋಕೂ ಯೋಗ್ಯವಲ್ಲದ ಬರಹ ಅಂದ. ಕವಿತೆ ಇಷ್ಟವಾಗದೇ ಇರಬಹುದು, ಅದು ಅವನ ಹಕ್ಕು. ಆದ್ರೆ ಆ ತೀರ್ಪು ಬರೋದು ಕಪ್ಪು ಜನರ ಬುದ್ಧಿ ಕಡಿಮೆ ಅಂತ ವಾದ ಮಾಡೋ ಭಾಗದಲ್ಲೇ. ಇದೇ ಕವಿ ತನ್ನ ಮೇಲೆ ಬರೆದ ಪದ್ಯ ಓದಿ, ಜಾರ್ಜ್ ವಾಷಿಂಗ್ಟನ್ 1776ರಲ್ಲಿ ಧನ್ಯವಾದ ಹೇಳಿ ಭೇಟಿಗೆ ಕರೆದಿದ್ದ.

ಯುದ್ಧದ ವರ್ಷಗಳಲ್ಲಿ ಪುಸ್ತಕ ಕೊಳ್ಳೋರು ಯಾರು? 1779ರಲ್ಲಿ 33 ಕವಿತೆ, 13 ಪತ್ರಗಳ ಎರಡನೇ ಪುಸ್ತಕಕ್ಕೆ ಜಾಹೀರಾತು ಕೊಟ್ಟಳು, ಫ್ರಾಂಕ್ಲಿನ್‌ಗೆ ಅರ್ಪಣೆ ಅಂತಲೂ ಹೇಳಿದ್ದಳು. ಚಂದಾದಾರರು ಬರಲಿಲ್ಲ. ಬಡತನದಲ್ಲೇ 1784ರ ಡಿಸೆಂಬರ್ 5ರಂದು ತೀರಿಕೊಂಡಾಗ ವಯಸ್ಸು ಸುಮಾರು 31. ಜ್ಞಾನೋದಯ ಎಂದರೇನು ಅನ್ನೋ ಕಾಂಟ್‌ನ ಪ್ರಸಿದ್ಧ ಪ್ರಬಂಧ ಬರ್ಲಿನ್‌ನ ಪತ್ರಿಕೆಯಲ್ಲಿ ಪ್ರಕಟವಾದದ್ದೂ ಅದೇ ತಿಂಗಳು. ಫಿಲಿಸ್‌ಳ ಆ ಎರಡನೇ ಹಸ್ತಪ್ರತಿ ಇವತ್ತಿಗೂ ಸಿಕ್ಕಿಲ್ಲ.

ಮುಂದಿನ ಕಂತಿನಲ್ಲಿ ಬೆಂಜಮಿನ್ ಬ್ಯಾನೆಕರ್. 1791ರಲ್ಲಿ, ತಾನೇ ಲೆಕ್ಕ ಹಾಕಿದ ಪಂಚಾಂಗದ ಹಸ್ತಪ್ರತಿಯನ್ನ ಇದೇ ಜೆಫರ್ಸನ್‌ಗೆ ಒಂದು ಉದ್ದದ ಪತ್ರದ ಜೊತೆ ಕಳಿಸಿದ ಕಪ್ಪು ಖಗೋಳಜ್ಞ. ಸಿಗೋಣ.