ಡಿಪ್ಲೊಮಾದಿಂದ ಪದವಿಗೆ: ಕಾಳಿ ಸೀಮೆಯ ಮಕ್ಕಳ ಇನ್ನೊಂದು ದಾರಿ

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದೊಡನೆ ನಮ್ಮ ಭಾಗದ ಪಾಲಕರು ನನ್ನಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: "ಮಾಸ್ತರ, ಹುಡುಗನ್ನ ಪಿ.ಯು.ಸಿ.ಗೆ ಹಚ್ಚಬೇಕೋ, ಡಿಪ್ಲೊಮಾಕ್ಕೋ?" ಇದರ ಹಿಂದೆ ಒಂದು ಇತಿಹಾಸವೇ ಇದೆ.

1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ದಾಂಡೇಲಿಯನ್ನು ಕೈಗಾರಿಕಾ ಪಟ್ಟಣವಾಗಿಸಿತು. 1987ರಲ್ಲಿ ಪೂರ್ಣಗೊಂಡ ಸೂಪಾ ಅಣೆಕಟ್ಟು ಹಳೆಯ ಸೂಪಾ ಪೇಟೆಯನ್ನು ಮುಳುಗಿಸಿತು. ನಾಡಿಗೆ ವಿದ್ಯುತ್ತನ್ನೂ ಕೊಟ್ಟಿತು. ಯಂತ್ರ, ಸಿಮೆಂಟುಗಳನ್ನು ಕಣ್ಣೆದುರೇ ಕಂಡು ಬೆಳೆದ ಮಕ್ಕಳಿಗೆ ಇಂಜಿನಿಯರ್ ಎಂಬ ಪದ ಅಪರಿಚಿತವಾಗಿರಲಿಲ್ಲ. ಆದರೆ ಇಂಜಿನಿಯರಿಂಗ್ ಕಾಲೇಜುಗಳಿದ್ದುದು ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಲ್ಲಿ. ಬಡ ಮನೆಗಳಿಗೆ ಬೇಗ ಕೈಗೆಟುಕುತ್ತಿದ್ದುದು ಮೂರು ವರ್ಷದ ಡಿಪ್ಲೊಮಾ.

ಆ ಡಿಪ್ಲೊಮಾ ಅನ್ನ ಕೊಡುತ್ತಿತ್ತು, ಆದರೆ ಒಂದು ಮೆಟ್ಟಿಲಲ್ಲೇ ನಿಲ್ಲಿಸುತ್ತಿತ್ತು. ಲೋಕೋಪಯೋಗಿ ಇಲಾಖೆಯಲ್ಲಿ ಡಿಪ್ಲೊಮಾದವರು ಕಿರಿಯ ಇಂಜಿನಿಯರ್ ಆಗಿ ಸೇರಿದರೆ, ಪದವೀಧರರು ನೇರವಾಗಿ ಸಹಾಯಕ ಇಂಜಿನಿಯರ್ ಆಗುತ್ತಿದ್ದರು. ಮೇಲೇರಬೇಕೆಂದವರು ಕೆಲಸ ಮುಗಿಸಿ ಬಂದು, ರಾತ್ರಿ ದೀಪ ಹಚ್ಚಿ, 1920ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಸಂಸ್ಥೆಯ ಎ.ಎಂ.ಐ.ಇ. ಪರೀಕ್ಷೆಗೆ ಕೂಡುತ್ತಿದ್ದರು. ತರಗತಿಯಿಲ್ಲ, ಗುರುಗಳಿಲ್ಲ, ಅರ್ಧದಲ್ಲೇ ಕೈಬಿಟ್ಟವರನ್ನು ನಾನು ಬಲ್ಲೆ.

ಈ ಕಷ್ಟವನ್ನು ಬಹುಮಟ್ಟಿಗೆ ನೀಗಿಸಿದ್ದು ಪಾರ್ಶ್ವ ಪ್ರವೇಶ, ಅಂದರೆ ಲ್ಯಾಟರಲ್ ಎಂಟ್ರಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿ.ಸಿ.ಇ.ಟಿ. ಬರೆದು ರ‍್ಯಾಂಕ್ ಪಡೆದವರು ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ, ಎಂದರೆ ಮೂರನೆಯ ಸೆಮಿಸ್ಟರಿಗೆ ಸೇರಬಹುದು. ಲೆಕ್ಕ ಹಾಕಿ ನೋಡಿರಿ: ಹತ್ತನೆಯ ತರಗತಿಯ ನಂತರ ಪಿ.ಯು.ಸಿ. 2, ಬಿ.ಇ. 4, ಒಟ್ಟು 6 ವರ್ಷ. ಡಿಪ್ಲೊಮಾ 3, ಬಿ.ಇ. 3, ಅದೂ 6 ವರ್ಷವೇ! ನಡುವೆ ಮನೆಯ ಪರಿಸ್ಥಿತಿ ಕೈಕೊಟ್ಟರೆ, ದುಡಿಯಲು ಒಂದು ಅರ್ಹತೆ ಕೈಯಲ್ಲಿರುತ್ತದೆ. ಪಿ.ಯು.ಸಿ. ಮಾತ್ರ ಓದಿದವನಿಗೆ ಆ ಆಸರೆಯಿಲ್ಲ.

1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ ಸ್ಥಾಪನೆಯಾಯಿತು. 2004ರಲ್ಲಿ ಕರ್ನಾಟಕ ಲಾ ಸೊಸೈಟಿ ಹಳಿಯಾಳದಲ್ಲೇ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ದಾಂಡೇಲಿಯ ಮಗು ಮನೆಯೂಟ ಉಂಡು ಬಿ.ಇ. ಓದುವುದು ಸಾಧ್ಯವಾಯಿತು. ವಿಶೇಷವಾಗಿ ಹೆಣ್ಣುಮಕ್ಕಳ ಪಾಲಿಗೆ ಇದು ಸಣ್ಣ ಮಾತಲ್ಲ.

ಆದರೂ ದಾರಿ ಹೂವಿನದಲ್ಲ. ಡಿಪ್ಲೊಮಾದವರಿಗೆ ಕೈಕೆಲಸ ಚೆನ್ನಾಗಿ ಬರುತ್ತದೆ, ಗಣಿತ ಕಾಡುತ್ತದೆ. ಮೊದಲ ವರ್ಷದ ಗಣಿತ ತಪ್ಪಿದ್ದರಿಂದ ಅವರಿಗೆ ಪ್ರತ್ಯೇಕ ಗಣಿತ ಪತ್ರಿಕೆಗಳನ್ನು ವಿಶ್ವವಿದ್ಯಾಲಯ ಕಡ್ಡಾಯ ಮಾಡಿತು. ಅವನ್ನು ಹೊರೆಯೆಂದು ಮುಂದೂಡಿದವರು ಕಡೆಯ ವರ್ಷದಲ್ಲಿ ಪರದಾಡಿದ್ದುಂಟು. ಆದ್ದರಿಂದ ಡಿಪ್ಲೊಮಾ ಓದುತ್ತಿರುವ ಮೊಮ್ಮಕ್ಕಳಿಗೆ ನನ್ನ ಮಾತು ಇಷ್ಟೇ: ಗಣಿತವನ್ನು ಈಗಲೇ ಗಟ್ಟಿಮಾಡಿಕೊಳ್ಳಿರಿ. ಡಿಪ್ಲೊಮಾ ಕೀಳೆಂದು ಯಾರಾದರೂ ಅಂದರೆ ತಲೆ ತಗ್ಗಿಸಬೇಡಿರಿ. ಜೋಯಿಡಾದ ಕಾಡಿನ ಹಳ್ಳಿಯಿಂದ ಹೊರಟವರಿಗೂ ಮುಂಡಗೋಡದ ರೈತರ ಮಕ್ಕಳಿಗೂ ಅದೊಂದು ಗಟ್ಟಿ ಮೆಟ್ಟಿಲು.